ಶಾರ್ಕಿಗೆ ಸೀರೆ ಉಡಿಸಬೇಡಿ

ಮೇಡಂ, ನಮಸ್ಕಾರ.

ನೀವು ಕಳಿಸಿದ ‘ಬಿಳಿ ಶಾರ್ಕಿನ ಬಾಳಚಕ್ರ’ ಓದಿದೆ, ಎರಡು ಸಲ. ಒಂಬತ್ತರಿಂದ ಹನ್ನೆರಡು ವರ್ಷದ ಮಕ್ಕಳಿಗೆ 24 ಪುಟ, ಪುಟಕ್ಕೆ ಅರವತ್ತು ಪದದ ಒಳಗೆ. ಅಳತೆ ಸರಿಯಾಗಿದೆ. ವಾಕ್ಯಗಳು ಚಿಕ್ಕವು, ಕಾಗುಣಿತ ಶುದ್ಧ. ಶಾರ್ಕನ್ನು ರಕ್ತ ಹೀರುವ ರಾಕ್ಷಸ ಮಾಡಿಲ್ಲ, ಅದೊಂದು ಸಮಾಧಾನ. ಹೊಗಳಿಕೆ ಇಷ್ಟೇ.

ನನ್ನನ್ನು ಕೆಣಕಿದ್ದು ಎರಡು ಪುಟ, ನಾಲ್ಕನೆಯದು ಮತ್ತು ಏಳನೆಯದು. ಉಳಿದ ಪುಟಗಳಲ್ಲೂ ಅಕ್ಕಿಯಲ್ಲಿ ಕಲ್ಲು ಸಿಕ್ಕ ಹಾಗೆ ಒಂದೊಂದು ಸಿಗುತ್ತದೆ. ಅವನ್ನು ಪ್ರೂಫಿನಲ್ಲಿ ಆರಿಸಿಕೊಳ್ಳಬಹುದು. ಈ ಎರಡು ಪುಟದ್ದು ಆರಿಸಿದರೆ ಹೋಗುವ ಕಲ್ಲಲ್ಲ.

ನಾಲ್ಕನೆಯ ಪುಟ ಹೀಗಿದೆ:

“ಶಾರ್ಕ್ ಅಮ್ಮ ಹನ್ನೊಂದು ತಿಂಗಳು ಮರಿಗಳನ್ನು ತನ್ನ ಬೆಚ್ಚನೆಯ ಒಡಲಲ್ಲಿ ಹೊತ್ತಳು. ಹೊಕ್ಕುಳ ಬಳ್ಳಿಯಿಂದ ಮರಿಗಳಿಗೆ ಆಹಾರ ಸಿಕ್ಕಿತು. ಬಲಶಾಲಿ ಮರಿಯೊಂದು ತನ್ನ ತಮ್ಮ ತಂಗಿಯರನ್ನೇ ತಿಂದುಹಾಕಿತು! ಕೊನೆಗೆ ಅಮ್ಮ ಹತ್ತು ಮುದ್ದಾದ ಮರಿಗಳಿಗೆ ಜನ್ಮ ನೀಡಿದಳು. ಅಕ್ಕರೆಯಿಂದ ಬೇಟೆಯಾಡುವುದನ್ನು ಕಲಿಸಿದಳು.”

ಐದು ವಾಕ್ಯ, ಒಂದೊಂದಾಗಿ ನೋಡೋಣ.

‘ಹನ್ನೊಂದು ತಿಂಗಳು ಹೊತ್ತಳು.’ ಬಿಳಿ ಶಾರ್ಕಿನ ಗಬ್ಬದ ಅವಧಿಯನ್ನು ಇಷ್ಟು ಕರಾರುವಾಕ್ಕಾಗಿ ಯಾರೂ ಅಳೆದಿಲ್ಲ. ವಿಜ್ಞಾನಿಗಳ ಅಂದಾಜು ಸುಮಾರು ಒಂದು ವರ್ಷ, ಅದಕ್ಕಿಂತ ಹೆಚ್ಚೂ ಇರಬಹುದು. ಗಬ್ಬದ ಹೆಣ್ಣು ಅವರ ಕೈಗೆ ಸಿಕ್ಕಿರುವುದೇ ಬೆರಳೆಣಿಕೆಯಷ್ಟು ಸಲ, ಅದೂ ಹೆಚ್ಚಾಗಿ ಮೀನುಗಾರರ ಬಲೆಗೆ ಬಿದ್ದಾಗ. ‘ಸುಮಾರು ಒಂದು ವರ್ಷ’ ಅಂತ ಬರೆದರೆ ಮಗುವಿಗೆ ಸಾಕು, ಸುಳ್ಳೂ ಆಗುವುದಿಲ್ಲ.

ಇದೇ ವಾಕ್ಯದ ‘ಬೆಚ್ಚನೆಯ ಒಡಲು’ ನೋಡಿ. ನೀವು ಅದನ್ನು ಮಮತೆಯ ಅರ್ಥದಲ್ಲಿ ಬರೆದಿದ್ದೀರಿ, ಆದರೆ ಗೊತ್ತಿಲ್ಲದೆಯೇ ಒಂದು ನಿಜದ ಮೇಲೆ ಕಾಲಿಟ್ಟಿದ್ದೀರಿ. ಬಹುತೇಕ ಮೀನಿನ ಮೈ ಸುತ್ತಲಿನ ನೀರಿನಷ್ಟೇ ತಣ್ಣಗಿರುತ್ತದೆ. ಬಿಳಿ ಶಾರ್ಕಿನದು ಹಾಗಲ್ಲ. ಈಜುವ ಸ್ನಾಯುವಿನಲ್ಲಿ ಬಿಸಿಯಾದ ರಕ್ತ ಕಿವಿರಿನ ಕಡೆ ವಾಪಸ್ ಹೋಗುವಾಗ, ಎದುರು ಬರುವ ತಣ್ಣನೆ ರಕ್ತಕ್ಕೆ ತನ್ನ ಬಿಸಿಯನ್ನು ದಾಟಿಸುತ್ತದೆ. ಎರಡು ರಕ್ತನಾಳಗಳ ಜಾಲ ಒಂದಕ್ಕೊಂದು ತಾಗಿಕೊಂಡೇ ಇರುವುದರಿಂದ ಶಾಖ ನೀರಿಗೆ ಸೋರಿಹೋಗದೆ ಒಳಗೇ ಉಳಿಯುತ್ತದೆ. ಹೊಟ್ಟೆಯ ಭಾಗ ಹೊರಗಿನ ನೀರಿಗಿಂತ 10 ಡಿಗ್ರಿಗೂ ಹೆಚ್ಚು ಬೆಚ್ಚಗಿದ್ದದ್ದು ದಾಖಲಾಗಿದೆ. ಇಡೀ ಪುಟಕ್ಕೆ ಆಗುವಷ್ಟು ಸರಕನ್ನು ನೀವು ಒಂದು ವಿಶೇಷಣದಲ್ಲಿ ಮುಗಿಸಿಬಿಟ್ಟಿದ್ದೀರಿ.

‘ಹೊಕ್ಕುಳ ಬಳ್ಳಿಯಿಂದ ಆಹಾರ ಸಿಕ್ಕಿತು.’ ಸುತ್ತಿಗೆ ತಲೆಯ ಶಾರ್ಕಿನ ಮರಿಗೆ ಸಿಗುತ್ತದೆ, ಬುಲ್ ಶಾರ್ಕಿನ ಮರಿಗೂ ಸಿಗುತ್ತದೆ. ಬಿಳಿ ಶಾರ್ಕಿನ ಮರಿಗೆ ಸಿಗುವುದಿಲ್ಲ. ಇದರ ಹೊಟ್ಟೆಯೊಳಗೆ ನಡೆಯುವುದು ಬೇರೆಯೇ ಅಡುಗೆ. ಮೊಟ್ಟೆ ಒಳಗೇ ಒಡೆದು ಮರಿ ಹೊರಬರುತ್ತದೆ, ಆದರೆ ತಾಯಿಗೆ ಅಂಟಿಕೊಳ್ಳುವುದಿಲ್ಲ. ಶುರುವಿನಲ್ಲಿ ಗರ್ಭಕೋಶದ ಗೋಡೆಯಿಂದ ಹಾಲಿನಂಥ, ಕೊಬ್ಬಿನಂಶ ತುಂಬಿದ ದ್ರವ ಒಸರುತ್ತದೆ. ಅದೇ ಮರಿಯ ಊಟ. 2014ರಲ್ಲಿ ಜಪಾನಿನ ಓಕಿನಾವಾ ಬಳಿ ಸಿಕ್ಕ ಗಬ್ಬದ ಹೆಣ್ಣನ್ನು ಪರೀಕ್ಷಿಸಿದವರು ಇದನ್ನು ಕಂಡು 2016ರಲ್ಲಿ ಪ್ರಕಟಿಸಿದರು. ಆಮೇಲೆ ಎರಡನೇ ಸರದಿ. ತಾಯಿಯ ಅಂಡಾಶಯ ಫಲಿಸದ ಮೊಟ್ಟೆಗಳನ್ನು ಕಳಿಸುತ್ತಲೇ ಇರುತ್ತದೆ, ಮರಿ ನುಂಗುತ್ತಲೇ ಇರುತ್ತದೆ. ತಿಂದು ತಿಂದು ಮರಿಯ ಹೊಟ್ಟೆ ಗುಡಾಣದ ಹಾಗೆ ಉಬ್ಬುತ್ತದೆ. ಅಷ್ಟೇ ಅಲ್ಲ, ಹುಟ್ಟುವ ಮೊದಲೇ ಅದರ ಹಲ್ಲು ಬಿದ್ದು ಹೊಸದು ಬರುತ್ತಿರುತ್ತದೆ. ಬಿದ್ದ ಪುಟಾಣಿ ಹಲ್ಲುಗಳನ್ನೂ ನುಂಗಿಬಿಡುತ್ತದೆ. ಹಲ್ಲು ಬೀಳುವ ವಯಸ್ಸಿನ ಓದುಗರಿಗೆ ಪುಸ್ತಕ ಬರೆಯುತ್ತಿದ್ದೀರಿ ಮೇಡಂ, ಈ ಸಂಗತಿಯನ್ನು ಹೇಗೆ ಬಿಟ್ಟಿರಿ?

‘ತಮ್ಮ ತಂಗಿಯರನ್ನೇ ತಿಂದುಹಾಕಿತು!’ ಇಲ್ಲಿ ನಾನು ಪೆನ್ಸಿಲ್ ಕೆಳಗಿಟ್ಟೆ. ಇದು ಬಿಳಿ ಶಾರ್ಕಿನ ಕಥೆಯೇ ಅಲ್ಲ, ಸ್ಯಾಂಡ್ ಟೈಗರ್ ಶಾರ್ಕಿನದು. ಅದಕ್ಕೆ ಎರಡು ಗರ್ಭಕೋಶ. ಒಂದೊಂದರಲ್ಲೂ ಮೊದಲು ದೊಡ್ಡದಾದ ಮರಿ ಜೊತೆಯ ಮರಿಗಳನ್ನು ತಿಂದು, ಆಮೇಲೆ ಮೊಟ್ಟೆ ತಿಂದು ಬೆಳೆಯುತ್ತದೆ. ಕೊನೆಗೆ ಹೊರಬರುವುದು ಎಡದಿಂದ ಒಂದು, ಬಲದಿಂದ ಒಂದು, ತಲಾ ಸುಮಾರು ಒಂದು ಮೀಟರ್ ಉದ್ದ. ಬಿಳಿ ಶಾರ್ಕಿನ ಮರಿ ತಿನ್ನುವುದು ಮರಿಯಾಗದ ಮೊಟ್ಟೆಯನ್ನು. ಎರಡಕ್ಕೂ ಅಜಗಜಾಂತರ. ಎಡವಿದ್ದು ಎಲ್ಲಿ ಅಂತ ಊಹಿಸಬಲ್ಲೆ. ಸ್ಯಾಂಡ್ ಟೈಗರಿನ ಶಾಸ್ತ್ರೀಯ ಹೆಸರು ಕಾರ್ಕಾರಿಯಸ್ ಟಾರಸ್, ಬಿಳಿ ಶಾರ್ಕಿನದು ಕಾರ್ಕರೊಡಾನ್ ಕಾರ್ಕಾರಿಯಸ್. ಒಂದರ ಮೊದಲ ಹೆಸರೇ ಇನ್ನೊಂದರ ಕೊನೆಯ ಹೆಸರು. ಒಂದೇ ಬೀದಿಯಲ್ಲಿ ಇಬ್ಬರು ಮಂಜುನಾಥರಿದ್ದರೆ ಒಬ್ಬರ ಪಾರ್ಸೆಲ್ ಇನ್ನೊಬ್ಬರ ಮನೆಗೆ ಹೋಗುವ ಹಾಗೆ ಆಗಿದೆ. ಆದರೂ ಒಂದು ಮಾತು: ತಮ್ಮ ತಂಗಿಯರನ್ನು ತಿಂದು ಮುಗಿಸಿದ ಮೇಲೆ ಮುಂದಿನ ವಾಕ್ಯದಲ್ಲಿ ಹತ್ತು ಮರಿ ಹೇಗೆ ಹುಟ್ಟಿದವು? ಐದನೇ ತರಗತಿಯ ಹುಡುಗಿ ಮೊದಲು ಕೇಳುವ ಪ್ರಶ್ನೆ ಅದು. ಬರೆದ ಮೇಲೆ ನೀವೇ ಕೇಳಿಕೊಳ್ಳಬೇಕಿತ್ತು.

‘ಹತ್ತು ಮುದ್ದಾದ ಮರಿಗಳಿಗೆ ಜನ್ಮ ನೀಡಿದಳು.’ ಹತ್ತು ಎನ್ನುವುದು ಸಾಮಾನ್ಯ ಲೆಕ್ಕದ ಮೇಲಿನ ಅಂಚು. ‘ಸಾಮಾನ್ಯವಾಗಿ ಎರಡರಿಂದ ಹತ್ತು’ ಅನ್ನಿ. ‘ಜನ್ಮ ನೀಡಿದಳು’ ಯಾಕೆ? ಹಸು ಈಯುತ್ತದೆ, ಬೆಕ್ಕು ಮರಿ ಹಾಕುತ್ತದೆ, ಶಾರ್ಕೂ ಮರಿ ಹಾಕುತ್ತದೆ. ಕನ್ನಡದಲ್ಲಿ ಇದಕ್ಕೆ ಕ್ರಿಯಾಪದದ ಬರವಿಲ್ಲ. ಇನ್ನು ‘ಹೊತ್ತಳು, ನೀಡಿದಳು, ಕಲಿಸಿದಳು’. ಪ್ರಾಣಿಗೆ ‘ಅಳು’ ಪ್ರತ್ಯಯ ಹಚ್ಚಿದ ಕೂಡಲೇ ಅದಕ್ಕೆ ಸೀರೆ ಉಡಿಸಿ, ಹಣೆಗೆ ಕುಂಕುಮ ಇಟ್ಟ ಹಾಗೆ. ಆಮೇಲೆ ಅದು ಅಕ್ಕರೆ ತೋರಿಸಲೇಬೇಕಾಗುತ್ತದೆ. ನಿಮ್ಮ ಐದನೆಯ ವಾಕ್ಯ ಹುಟ್ಟಿದ್ದೇ ಹಾಗೆ.

‘ಅಕ್ಕರೆಯಿಂದ ಬೇಟೆಯಾಡುವುದನ್ನು ಕಲಿಸಿದಳು.’ ಇಲ್ಲ, ಕಲಿಸುವುದಿಲ್ಲ. ಮರಿ ಹಾಕಿದ ಮೇಲೆ ತಾಯಿ ಶಾರ್ಕಿಗೂ ಮರಿಗೂ ಯಾವ ವ್ಯವಹಾರವೂ ಇಲ್ಲ. ಮರಿ ಹುಟ್ಟುವಾಗಲೇ 1.2ರಿಂದ 1.5 ಮೀಟರ್ ಉದ್ದ, ತೂಕ 25 ಕೆ.ಜಿ. ಅಕ್ಕಿ ಚೀಲದ ಆಸುಪಾಸು, ಬಾಯಿ ತುಂಬ ಹಲ್ಲು. ಈಜಿಕೊಂಡು ತನ್ನ ದಾರಿ ನೋಡಿಕೊಳ್ಳುತ್ತದೆ. ನಿಂತರೆ ಉಸಿರು ಕಷ್ಟ, ಯಾಕೆಂದರೆ ಮುಂದಕ್ಕೆ ಈಜುತ್ತಿದ್ದರೆ ಮಾತ್ರ ಬಾಯಿಯಿಂದ ಕಿವಿರಿಗೆ ನೀರು ಹರಿಯುತ್ತದೆ. ಹುಟ್ಟಿದ ಗಳಿಗೆಯಿಂದಲೇ ಒಂಟಿ, ಹುಟ್ಟಿದ ಗಳಿಗೆಯಿಂದಲೇ ನಡಿಗೆ. ಇದನ್ನು ಓದಿ ಮಗುವಿಗೆ ಬೇಜಾರಾದರೆ ಆಗಲಿ ಬಿಡಿ. ಬೇಜಾರು ಮಾಡಬಾರದೆಂದು ನಾವು ಸುಳ್ಳು ಹೇಳಿದ್ದು ಮುಂದೆ ಗೊತ್ತಾದಾಗ ಆಗುವ ಬೇಜಾರು ಇದಕ್ಕಿಂತ ದೊಡ್ಡದು.

ನಾನು ಪ್ರೂಫ್ ತಿದ್ದಲು ಕಲಿತ ಮೇಜಿನಲ್ಲಿ ಮಕ್ಕಳ ವಿಜ್ಞಾನ ಬರಹಕ್ಕೆ ಮೂರೇ ಗುರುತು. ಅಂಚಿನಲ್ಲಿ ‘ಯಾ’ ಎಂದರೆ ‘ಯಾರು ನೋಡಿದ್ದು?’, ‘ಎ’ ಎಂದರೆ ‘ಎಷ್ಟು?’, ‘ಗ’ ಎಂದರೆ ಗಟ್ಟಿಯಾಗಿ ಓದಿ ನೋಡು. ‘ಯಾ’ ಬಿದ್ದ ವಾಕ್ಯಕ್ಕೆ ನೋಡಿದವರು ಸಿಗದಿದ್ದರೆ ವಾಕ್ಯ ಹೋಗುತ್ತಿತ್ತು, ಇಲ್ಲವೇ ‘ಇದುವರೆಗೆ ಯಾರೂ ನೋಡಿಲ್ಲ’ ಎಂದು ತಿರುಗಿ ಬರೆಯಬೇಕಿತ್ತು. ಈ ಎರಡನೇ ದಾರಿಯಲ್ಲಿ ಎಷ್ಟು ರುಚಿ ಇದೆ ಅಂತ ಆಗ ನನಗೂ ತಿಳಿದಿರಲಿಲ್ಲ. ನಿಮ್ಮ ನಾಲ್ಕನೆಯ ಪುಟದ ಅಂಚಿನಲ್ಲಿ ಈಗ ಐದು ‘ಯಾ’ ಇವೆ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂದರೆ, ಬಿಳಿ ಶಾರ್ಕಿನ ಬದುಕಿನಲ್ಲಿ ಅತಿ ದೊಡ್ಡ ಕುತೂಹಲ ಇರುವುದೇ ‘ಯಾರೂ ನೋಡಿಲ್ಲ’ ಎನ್ನುವ ಜಾಗದಲ್ಲಿ. ಇಷ್ಟು ಪ್ರಸಿದ್ಧ ಮೀನು, ಆದರೆ ಅದು ಮರಿ ಹಾಕುವುದನ್ನು ಯಾರೂ ಕಣ್ಣಾರೆ ಕಂಡಿಲ್ಲ. ಕೂಡುವುದರ ಬಗ್ಗೆ ತಿಳಿದಿರುವುದೂ ಹೆಚ್ಚಾಗಿ ಹೆಣ್ಣಿನ ಮೈಮೇಲೆ ಉಳಿದ ಕಚ್ಚಿದ ಗಾಯಗಳ ಗುರುತಿನಿಂದ. 2023ರ ಜುಲೈನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯ ಮೇಲೆ ಹಾರುತ್ತಿದ್ದ ಡ್ರೋನ್ ಕ್ಯಾಮೆರಾದಲ್ಲಿ ಸುಮಾರು ಒಂದೂವರೆ ಮೀಟರಿನ, ಬೆಳ್ಳಗಿನ ಒಂದು ಪುಟ್ಟ ಶಾರ್ಕ್ ಸೆರೆಯಾಯಿತು. ಅದು ಈಜುತ್ತಿದ್ದ ಹಾಗೆ ಮೈಮೇಲಿನ ಬಿಳಿ ಪೊರೆ ಕಳಚಿ ಕಳಚಿ ಬೀಳುತ್ತಿತ್ತು. ಚಿತ್ರ ತೆಗೆದವರು ಮತ್ತು ಅವರ ಜೊತೆಗಿದ್ದ ಸಂಶೋಧಕರು 2024ರ ಜನವರಿಯಲ್ಲಿ ಪ್ರಕಟಿಸಿದ ಬರಹದಲ್ಲಿ ಎರಡು ಸಾಧ್ಯತೆ ಇಟ್ಟರು: ಇದು ಆಗತಾನೇ ಹುಟ್ಟಿದ ಮರಿ, ಪೊರೆ ಗರ್ಭಕೋಶದ ಆ ಹಾಲಿನ ಉಳಿಕೆ; ಅಥವಾ ಯಾವುದೋ ಚರ್ಮದ ತೊಂದರೆ. ಎರಡನ್ನೂ ಮಗುವಿನ ಮುಂದಿಡಿ. ಯಾವುದು ಅನ್ನುವುದನ್ನು ಅದು ಯೋಚಿಸಲಿ.

ಇನ್ನೊಂದು ಎಚ್ಚರಿಕೆ. ಇದನ್ನೋದಿ ಪ್ರತಿ ವಾಕ್ಯಕ್ಕೂ ‘ಇರಬಹುದು, ಎನ್ನಲಾಗಿದೆ, ಎಂದು ನಂಬಲಾಗಿದೆ’ ಅಂತ ಬಾಲ ಕಟ್ಟಬೇಡಿ. ಆ ಬಾಲದಿಂದ ಮಗುವಿಗೆ ಏನೂ ಸಿಗುವುದಿಲ್ಲ, ಬರೆದವರಿಗೆ ಧೈರ್ಯ ಸಾಲದು ಎನ್ನುವುದು ಮಾತ್ರ ಗೊತ್ತಾಗುತ್ತದೆ. ಯಾರು, ಎಲ್ಲಿ, ಯಾವಾಗ, ಏನು ಕಂಡರು ಅಂತ ನೇರ ಬರೆಯಿರಿ. ಅನುಮಾನ ತಾನಾಗಿಯೇ ಸರಿಯಾದ ಜಾಗದಲ್ಲಿ ಕೂರುತ್ತದೆ. ಈ ಧಾಟಿ ನೋಡಿ:

“ಮರಿಗೆ ಹಸಿವು. ಮೊದಮೊದಲು ಹಾಲಿನಂಥ ರಸ ಸಿಕ್ಕಿತು. ಈಗ ಮೊಟ್ಟೆ ಬರುತ್ತಿವೆ, ಒಂದರ ಹಿಂದೆ ಒಂದು. ಇವು ಮರಿಯಾಗುವ ಮೊಟ್ಟೆ ಅಲ್ಲ, ಬುತ್ತಿ. ಮರಿ ನುಂಗಿತು. ಅದರ ಒಂದು ಹಲ್ಲು ಬಿತ್ತು. ಅದನ್ನೂ ನುಂಗಿತು.”

ಇಪ್ಪತ್ತು ಚಿಲ್ಲರೆ ಪದ. ‘ಅಳು’ ಇಲ್ಲ, ಆಶ್ಚರ್ಯಸೂಚಕ ಚಿಹ್ನೆ ಇಲ್ಲ. ಗಟ್ಟಿಯಾಗಿ ಓದಿ, ಎಲ್ಲಿ ಉಸಿರು ತೆಗೆದುಕೊಳ್ಳುತ್ತೀರೋ ಅಲ್ಲೇ ಪೂರ್ಣವಿರಾಮ ಇದೆ.

ಈಗ ಏಳನೆಯ ಪುಟ. ಇಲ್ಲಿ ಎರಡೇ ವಾಕ್ಯ: “ಮರಿ ನೋಡನೋಡುತ್ತಲೇ ಬೆಳೆದು ದೊಡ್ಡದಾಯಿತು. ಈಗ ಅದೂ ಅಮ್ಮನಾಗಲು ಸಿದ್ಧ!” ಪಕ್ಕದಲ್ಲಿ ನಿಮ್ಮದೇ ಚಕ್ರದ ಚಿತ್ರ. ಭ್ರೂಣ, ಮರಿ, ಎಳೆಯ ಶಾರ್ಕ್, ದೊಡ್ಡ ಶಾರ್ಕ್, ನಾಲ್ಕಕ್ಕೂ ಹೋಳಿಗೆ ಕತ್ತರಿಸಿದ ಹಾಗೆ ಸಮಪಾಲು.

‘ನೋಡನೋಡುತ್ತಲೇ’ ಎಂದರೆ ಎಷ್ಟು? ವಾಯವ್ಯ ಅಟ್ಲಾಂಟಿಕ್‌ನ ಬಿಳಿ ಶಾರ್ಕ್‌ಗಳ ಬಗ್ಗೆ 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಗಂಡು ಪ್ರಾಯಕ್ಕೆ ಬರಲು ಸುಮಾರು 26 ವರ್ಷ, ಹೆಣ್ಣಿಗೆ ಸುಮಾರು 33 ವರ್ಷ. ನಿಮ್ಮ ಪುಸ್ತಕ ಕೈಗೆತ್ತಿಕೊಂಡ ದಿನ ಒಂದು ಹೆಣ್ಣು ಮರಿ ಹುಟ್ಟಿತು ಅಂದುಕೊಳ್ಳಿ. ಅದು ಮೊದಲ ಸಲ ಮರಿ ಹಾಕಲು ತಯಾರಾಗುವಾಗ, ಇವತ್ತು ಹತ್ತು ವರ್ಷದ ನಿಮ್ಮ ಓದುಗಿಗೆ 43 ತುಂಬಿರುತ್ತದೆ. ಅವಳ ಮಕ್ಕಳೇ ಹೈಸ್ಕೂಲಿನಲ್ಲಿದ್ದರೂ ಆಶ್ಚರ್ಯವಿಲ್ಲ. ಈ ಶಾರ್ಕಿನ ಬಾಳಿನ ದೊಡ್ಡ ಸುದ್ದಿ ಇದೇ. ನೀವು ಅದನ್ನು ‘ನೋಡನೋಡುತ್ತಲೇ’ ಎನ್ನುವ ಒಂದು ಪದದ ಕೆಳಗೆ ಹೂತಿದ್ದೀರಿ.

ವಯಸ್ಸು ತಿಳಿದದ್ದು ಹೇಗೆ ಎನ್ನುವುದೂ ಪುಸ್ತಕದಲ್ಲಿ ಬರಲಿ, ಮಕ್ಕಳು ಕೇಳಿಯೇ ಕೇಳುತ್ತಾರೆ. ಶಾರ್ಕಿನ ಬೆನ್ನುಮಣಿಯನ್ನು ತೆಳ್ಳಗೆ ಕೊಯ್ದು ನೋಡಿದರೆ ಮರದ ಕಾಂಡದಲ್ಲಿರುವಂತೆ ಉಂಗುರ ಕಾಣುತ್ತವೆ. ಆದರೆ ವಯಸ್ಸಾದಂತೆ ಉಂಗುರ ತೀರಾ ಒತ್ತೊತ್ತಾಗಿ ಎಣಿಕೆ ತಪ್ಪುತ್ತದೆ. ಹಳೆಯ ಲೆಕ್ಕಗಳು ವಯಸ್ಸನ್ನು ಕಡಿಮೆ ಹೇಳಿದ್ದು ಅದಕ್ಕೇ. 1950–60ರ ದಶಕದಲ್ಲಿ ಗಾಳಿಯಲ್ಲಿ ಸಿಡಿಸಿದ ಅಣುಬಾಂಬುಗಳಿಂದ ವಿಕಿರಣಶೀಲ ಇಂಗಾಲ ಹೆಚ್ಚಿ, ಸಮುದ್ರಕ್ಕಿಳಿದು, ಆಹಾರದ ಮೂಲಕ ಶಾರ್ಕಿನ ಬೆನ್ನುಮಣಿಗೂ ಸೇರಿತು. ಆ ಕಾಲದಲ್ಲಿ ಬೆಳೆದ ಪದರಕ್ಕೆ ಮೊಹರು ಬಿದ್ದ ಹಾಗಾಯಿತು. ಆ ಮೊಹರಿನಿಂದ ಎಣಿಸಿದಾಗ ಒಂದು ಗಂಡು ಶಾರ್ಕಿಗೆ ಸುಮಾರು 73 ವರ್ಷ ಎಂದು 2014ರಲ್ಲಿ ವರದಿಯಾಯಿತು.

ಹಾಗಾಗಿ ಆ ಚಕ್ರದ ಚಿತ್ರವನ್ನು ಕೈಬಿಡಿ. ಅದರ ಬದಲು ಚಿಕ್ಕಪೇಟೆಯಲ್ಲಿ ಒಂದು ಟೈಲರ್ ಟೇಪ್ ಕೊಂಡು ತನ್ನಿ, 150 ಸೆಂ.ಮೀ.ನದು. ಅದೊಂದೇ ಟೇಪು ಎರಡು ಕೆಲಸ ಮಾಡುತ್ತದೆ. ನೆಲದ ಮೇಲೆ ಪೂರ್ತಿ ಬಿಚ್ಚಿದರೆ ಅದು ಆಗತಾನೇ ಹುಟ್ಟಿದ ದೊಡ್ಡ ಮರಿಯೊಂದರ ಉದ್ದ. ಓದುವ ಮಗು ಪಕ್ಕದಲ್ಲಿ ಮಲಗಿ ಅಳೆದುಕೊಳ್ಳಲಿ, ಹೆಚ್ಚುಕಡಿಮೆ ಸಮ ಬರುತ್ತದೆ. ಎರಡನೆಯದಾಗಿ, 2 ಸೆಂ.ಮೀ.ಗೆ ಒಂದು ವರ್ಷ ಅಂತ ಹಿಡಿಯಿರಿ. ಓದುಗಿಯ ಹತ್ತು ವರ್ಷ 20ಕ್ಕೆ ನಿಲ್ಲುತ್ತದೆ. ಗಂಡು ಶಾರ್ಕ್ ಪ್ರಾಯಕ್ಕೆ ಬರುವುದು 52ರಲ್ಲಿ, ಹೆಣ್ಣು 66ರಲ್ಲಿ. ಆ ಮುದಿ ಗಂಡಿನ 73 ವರ್ಷ 146ಕ್ಕೆ ಮುಗಿಯುತ್ತದೆ, ಟೇಪಿನ ತಗಡಿನ ತುದಿಗೆ ನಾಲ್ಕೇ ಸೆಂ.ಮೀ. ಉಳಿಸಿ. ನಿಮ್ಮ ಚಿತ್ರದಲ್ಲಿ ಕಾಲು ಭಾಗ ತಿಂದಿದ್ದ ಭ್ರೂಣದ ಹೋಳು ಈ ಟೇಪಿನಲ್ಲಿ ಹೆಬ್ಬೆರಳಿನ ಅಗಲಕ್ಕೆ ಇಳಿಯುತ್ತದೆ.

ಏಳನೆಯ ಪುಟದಲ್ಲಿ ಮುಚ್ಚಿಹೋದ ಆ ಮೂವತ್ತು ವರ್ಷದಲ್ಲಿ ಏನಾಗುತ್ತದೆ ಎಂದು ಕೇಳುವಿರಿ. ಬೇಕಾದಷ್ಟು ಆಗುತ್ತದೆ, ಮೂರು ಜೋಡಿಪುಟ ಕೊಡಿ. ಎಳೆಯ ಶಾರ್ಕ್ ತೀರಕ್ಕೆ ಹತ್ತಿರ, ಆಳವಿಲ್ಲದ ನೀರಿನಲ್ಲಿ ಇರುತ್ತದೆ. ನ್ಯೂಯಾರ್ಕಿನ ಲಾಂಗ್ ಐಲೆಂಡ್ ಎದುರು, ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ಇಂಥ ಮರಿತಾಣಗಳಿವೆ. ಊಟ ಮೀನು, ತೊರಕೆ (ಚಪ್ಪಟೆ ಮೈಯ ರೇ ಮೀನು), ಬೊಂಡಾಸ್ (ಸ್ಕ್ವಿಡ್). ಹಲ್ಲು ಸಪೂರ, ಚೂಪು, ಜಾರುವ ಮೀನನ್ನು ಚುಚ್ಚಿ ಹಿಡಿಯಲು. ವರ್ಷಕ್ಕೆ ಹೆಚ್ಚುಕಡಿಮೆ ಒಂದು ಅಡಿ ಬೆಳೆಯುತ್ತ ಮೂರು ಮೀಟರ್ ಹತ್ತಿರ ಬಂದಾಗ, ಅಂದರೆ ನಮ್ಮ ಆಟೋಗಿಂತ ಸ್ವಲ್ಪ ಉದ್ದವಾದಾಗ, ಹಲ್ಲು ಅಗಲವಾಗಿ ತ್ರಿಕೋನವಾಗುತ್ತದೆ, ಅಂಚಿಗೆ ಗರಗಸದ ಕಚ್ಚು. ದವಡೆಯ ಮೃದ್ವಸ್ಥಿಯೂ ಗಟ್ಟಿಯಾಗುತ್ತದೆ. ಆಮೇಲೇ ಸೀಲ್, ಸಮುದ್ರ ಸಿಂಹಗಳ ಬೇಟೆ. ಅದಕ್ಕೂ ಮುಂಚೆ ಸೀಲನ್ನು ಹಿಡಿಯಲು ಹೋದರೆ ದವಡೆಗೆ ಅಷ್ಟು ಒತ್ತಡ ತಡೆಯುವ ಶಕ್ತಿ ಇರುವುದಿಲ್ಲ. ನಿಮ್ಮ ಐದನೆಯ ಪುಟದಲ್ಲಿ ವಾರದ ಮರಿಯೊಂದು ಸೀಲನ್ನು ಬೆನ್ನಟ್ಟುತ್ತಿದೆ. ಚಿತ್ರಕಾರರಿಗೆ ಹೇಳಿ ಸೀಲನ್ನು ಅಳಿಸಿ, ಒಂದು ತೊರಕೆ ಬರೆಸಿ.

ಹೆಣ್ಣು ನಾಲ್ಕೂವರೆ, ಐದು ಮೀಟರ್ ಮುಟ್ಟಿದ ಮೇಲೆ ಪ್ರಾಯಕ್ಕೆ ಬರುತ್ತದೆ. ತೀರಾ ದೊಡ್ಡವು ಆರು ಮೀಟರಿನ ಆಸುಪಾಸು, 12 ಮೀಟರಿನ ಬಿಎಂಟಿಸಿ ಬಸ್ಸಿನ ಅರ್ಧ. ಹೆಣ್ಣೇ ಗಂಡಿಗಿಂತ ದೊಡ್ಡದು. ದೊಡ್ಡವು ಸಾಗರವನ್ನೇ ದಾಟುತ್ತವೆ: ನಿಕೋಲ್ ಎಂದು ಹೆಸರಿಟ್ಟ ಒಂದು ಹೆಣ್ಣು 2003ರ ಕೊನೆಯಲ್ಲಿ ದಕ್ಷಿಣ ಆಫ್ರಿಕಾದಿಂದ ಹೊರಟು 99 ದಿನದಲ್ಲಿ ಆಸ್ಟ್ರೇಲಿಯಾ ತಲುಪಿ, ಒಂಬತ್ತು ತಿಂಗಳೊಳಗೆ ವಾಪಸ್ ಬಂದಿತ್ತು. ಹೋಗಿ ಬಂದ ದಾರಿ 20,000 ಕಿ.ಮೀ.ಗೂ ಹೆಚ್ಚು.

ಇಷ್ಟು ಬಂದರೆ ನಿಮ್ಮ ಕೊನೆಯ ಪುಟದ ‘ಶಾರ್ಕ್ ಉಳಿಸಿ, ಕಡಲು ಉಳಿಸಿ’ ಘೋಷಣೆ ಬೇಕಾಗುವುದಿಲ್ಲ. ಟೇಪಿನಲ್ಲಿ 66ನ್ನು ಮುಟ್ಟುವ ಮೊದಲೇ ಬಲೆಗೆ ಬಿದ್ದ ಹೆಣ್ಣು ಒಂದು ಮರಿಯನ್ನೂ ಬಿಟ್ಟುಹೋಗಿರುವುದಿಲ್ಲ ಅಂತ ಮಗುವೇ ಲೆಕ್ಕ ಹಾಕುತ್ತದೆ. ದಕ್ಷಿಣ ಆಫ್ರಿಕಾ 1991ರಲ್ಲೇ, ಎಲ್ಲರಿಗಿಂತ ಮೊದಲು, ಕಾನೂನು ಮಾಡಿ ಈ ಮೀನಿಗೆ ರಕ್ಷಣೆ ಕೊಟ್ಟಿತು. ಘೋಷಣೆಯ ಜಾಗದಲ್ಲಿ ಆ ಒಂದು ಸಾಲು ಹಾಕಿ.

ತಿದ್ದುವ ಮೊದಲು ಒಂದು ಬೆಳಿಗ್ಗೆ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹೋಗಿ ಬನ್ನಿ. ಬಿಳಿ ಶಾರ್ಕ್ ಅಲ್ಲಿ ಸಿಗುವುದಿಲ್ಲ, ಸಣ್ಣ ಜಾತಿಯ ಶಾರ್ಕ್ ಬಂದ ದಿನ ಸಿಗುತ್ತದೆ. ಮಂಗಳೂರಿನವರು ತಾಟೆ ಅನ್ನುತ್ತಾರೆ, ಕೊಂಕಣಿಯವರು ಮೋರಿ. ತಲೆಯಿಂದ ಬಾಲದ ಕಡೆ ಕೈಯಾಡಿಸಿ, ನುಣುಪು. ಬಾಲದಿಂದ ತಲೆಯ ಕಡೆ ಆಡಿಸಿ, ಉಪ್ಪುಕಾಗದ. ಹಲ್ಲಿನಂಥದೇ ಸಣ್ಣ ಸಣ್ಣ ಹುರುಪೆಗಳು ಹಿಂದಕ್ಕೆ ಬಾಗಿ ಕೂತಿರುವುದರಿಂದ ಹಾಗೆ. ಪಕ್ಕದಲ್ಲಿರುವ ಬಂಗುಡೆಯ ಕಿವಿರಿಗೆ ಮುಚ್ಚಳ ಇರುತ್ತದೆ, ಇದಕ್ಕೆ ಬರೀ ಸೀಳು, ಎಣಿಸಿ, ಐದು. ನೀವು ಒಂಬತ್ತನೆಯ ಪುಟದಲ್ಲಿ ‘ನಯವಾದ ಮೈ’ ಎಂದು ಬರೆದದ್ದನ್ನು ಅಲ್ಲೇ ನಿಂತು ಹೊಡೆದುಹಾಕುತ್ತೀರಿ.

ಈಗ ಇಡೀ ಪುಸ್ತಕ ಮತ್ತೆ ಕಳಿಸಬೇಡಿ. ನಾಲ್ಕನೆಯ ಪುಟ ಮತ್ತು ಏಳರ ಜಾಗಕ್ಕೆ ಬರುವ ಮೂರು ಜೋಡಿಪುಟ, ಒಟ್ಟು ನಾನೂರು ಪದ ಮೀರದಂತೆ, ಮುಂದಿನ ತಿಂಗಳ ಹತ್ತನೇ ತಾರೀಕಿನೊಳಗೆ ಬರಲಿ. ಪ್ರತಿ ವಾಕ್ಯದ ಪಕ್ಕ ಯಾರು ನೋಡಿದ್ದು, ಎಷ್ಟು ಎಂದು ಪೆನ್ಸಿಲಿನಲ್ಲಿ ನೀವೇ ಬರೆದಿರಬೇಕು. ಟೇಪಿನ ಚಿತ್ರಕ್ಕೆ ಕಲಾವಿದರ ಜೊತೆ ನಾನೇ ಮಾತಾಡುತ್ತೇನೆ. ಹೇಗೂ ಅವರು ಸೀಲ್ ಅಳಿಸಬೇಕಲ್ಲ.

ನಿಮ್ಮ,
ಸಂಪಾದಕ